ಕೈಸರ್‌ಬಾಗ್‌ನಲ್ಲೊಂದು ಪ್ರೇಮಕಥೆ: ಲಖನೌ ದರ್ಬಾರಿನ ಐತಿಹಾಸಿಕ ಕಾದಂಬರಿ ಬರೆಯುವ ಸಮಗ್ರ ಮಾರ್ಗದರ್ಶಿ

ವಿಲಾಸದಲ್ಲಿ ಮುಳುಗಿದ ಅರಮನೆ, ಅದರೊಳಗೊಂದು ಪ್ರೇಮ. ಇಂಥ ಕಾದಂಬರಿಗೆ ಕೈಹಾಕುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಅರಮನೆ ವಿಲಾಸದಲ್ಲಿ ಮುಳುಗಿತ್ತು ಎಂದು ಹೇಳಿದವರು ಯಾರು? ಲಖನೌ ರಾಜಧಾನಿಯಾಗಿದ್ದ ಅವಧ ರಾಜ್ಯದ ಕೊನೆಯ ದೊರೆ ವಾಜಿದ್ ಅಲಿ ಶಾ ಕುಣಿತ, ಹಾಡು, ಹೆಂಗಸರಲ್ಲಿ ರಾಜ್ಯ ಕಳೆದುಕೊಂಡ ಎಂಬ ಕಥೆಗೆ ದೊಡ್ಡ ಆಧಾರ ಈಸ್ಟ್ ಇಂಡಿಯಾ ಕಂಪನಿಯ ಕಡತಗಳು. ರಾಜ್ಯವನ್ನು ನುಂಗಿದವರೇ ಆ ಕಡತವನ್ನೂ ಬರೆದರು. ಕನ್ನಡದವರಿಗೆ ಇದು ಹೊಸದಲ್ಲ. ದುರಾಡಳಿತವೆಂಬ ಆರೋಪ ಹೊರಿಸಿಯೇ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಸಿದುಕೊಂಡರು, 1834ರಲ್ಲಿ ಕೊಡಗನ್ನು ಸೇರಿಸಿಕೊಂಡರು, 1856ರಲ್ಲಿ ಲಖನೌಗೆ ಬಂದರು. ಅದೇ ಪದ ಮೂರು ಊರುಗಳಲ್ಲಿ ಕೆಲಸ ಮಾಡಿತು.

ಹಾಗೆಂದು ದರ್ಬಾರನ್ನು ತೊಳೆದು ಬಿಳಿ ಮಾಡಬೇಡಿ. ಜನಾನಾದಲ್ಲಿ, ಅಂದರೆ ಅಂತಃಪುರದಲ್ಲಿ, ಕೊಂಡು ತಂದ ಹೆಂಗಸರಿದ್ದರು, ಆಫ್ರಿಕಾದಿಂದ ತಂದ ಗುಲಾಮರಿದ್ದರು, ಹೊರಗೆ ಕಂದಾಯ ವಸೂಲಿಯ ಗುತ್ತಿಗೆ ಹಿಡಿದ ಇಜಾರೆದಾರರು ರೈತನ ಚರ್ಮ ಸುಲಿಯುತ್ತಿದ್ದರು. ಈ ನೋವೂ ನಿಜ, ಕಂಪನಿ ಅದನ್ನು ತನ್ನ ಲಾಭಕ್ಕೆ ಬಳಸಿದ್ದೂ ನಿಜ. ಎರಡನ್ನೂ ಹೊರಬಲ್ಲ ಪ್ರೇಮಕಥೆ ಕಟ್ಟುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಹಂತ 1: ಕಾಲವನ್ನು ಹಿಂಡಿ

ವಾಜಿದ್ ಅಲಿ 1847ರ ಫೆಬ್ರವರಿಯಲ್ಲಿ ಪಟ್ಟಕ್ಕೆ ಬಂದ, 1856ರ ಮಾರ್ಚ್ 13ರಂದು ಊರು ಬಿಟ್ಟ. ಒಂಬತ್ತು ವರ್ಷವನ್ನು ಪೂರ್ತಿ ಹಿಡಿಯಹೊರಟರೆ ಕಾದಂಬರಿ ಪಾಠಪುಸ್ತಕವಾಗುತ್ತದೆ. ಕೊನೆಯ ಒಂದು ವರ್ಷ ಸಾಕು. ಅದರಲ್ಲೂ ಹಿಜರಿ ವರ್ಷ ಹಿಡಿಯಿರಿ, ಯಾಕೆಂದರೆ ಆ ಅರಮನೆಯ ದಿನಚರಿ ನಡೆಯುತ್ತಿದ್ದುದು ಚಂದ್ರನ ಲೆಕ್ಕದಲ್ಲಿ. ಹಿಜರಿ ವರ್ಷ ಸುಮಾರು 354 ದಿನ, ಹಬ್ಬಗಳು ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. 1849ರಲ್ಲಿ ನವೆಂಬರ್ ಮಧ್ಯಕ್ಕೆ ಬಂದ ಮೊಹರಂ 1855ರಲ್ಲಿ ಸೆಪ್ಟೆಂಬರ್ ಮಧ್ಯಕ್ಕೇ ಬಂದಿತ್ತು. ಇದನ್ನು ಮರೆತವರು ಸೆಪ್ಟೆಂಬರಿನಲ್ಲಿ ಚಳಿಯ ಮೊಹರಂ ಬರೆದುಬಿಡುತ್ತಾರೆ.

ಗೋಡೆಗೆ ಅಂಟಿಸಿಕೊಳ್ಳಬೇಕಾದ ತಾರೀಕುಗಳು ಇವು. ಚಂದ್ರದರ್ಶನದಿಂದಾಗಿ ಹಿಜರಿ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆಗಬಹುದು:

- 1855 ಮಾರ್ಚ್ 25: ರಜಬ್ 6, ಹಿಜರಿ 1271. ಕಥೆ ಶುರು.
- ಮೇ 18ರಿಂದ ಜೂನ್ 16: ರಂಜಾನ್. ಲೂ ಎಂಬ ಬಿಸಿಗಾಳಿ ಬೀಸುವ ಕಾಲದಲ್ಲಿ ನೀರಿಲ್ಲದ ಉದ್ದನೆಯ ಹಗಲು.
- ಜುಲೈ–ಆಗಸ್ಟ್: ಮಳೆ, ಶ್ರಾವಣ, ದೊರೆಯ ಅರಮನೆ ಕೈಸರ್‌ಬಾಗ್‌ನ ಮೇಳ.
- ಸೆಪ್ಟೆಂಬರ್ 13: ಮೊಹರಂ ಶುರು. 22ಕ್ಕೆ ಹತ್ತನೇ ದಿನದ ಆಶುರಾ.
- ನವೆಂಬರ್ 18: ಇಮಾಮ್ ಹುಸೇನರಿಗಾಗಿ ಮೊಹರಂನಿಂದ ಶುರುವಾದ ಶೋಕದ ಎರಡು ತಿಂಗಳು ಎಂಟು ದಿನ ಮುಗಿಯುತ್ತದೆ.
- 1856 ಫೆಬ್ರವರಿ 4, ಸೋಮವಾರ: ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಔಟ್ರಾಮ್ ರಾಜ್ಯ ಬಿಟ್ಟುಕೊಡುವ ಒಪ್ಪಂದದ ಕಾಗದ ತರುತ್ತಾನೆ.
- ಫೆಬ್ರವರಿ 7: ರಾಜ್ಯ ಕಂಪನಿಯ ವಶ.
- ಮಾರ್ಚ್ 13: ದೊರೆ ಲಖನೌ ಬಿಡುತ್ತಾನೆ. ಹಿಜರಿ 1272ರ ರಜಬ್ 6.

ಮೊದಲ ಸಾಲು, ಕೊನೆಯ ಸಾಲು ಎರಡೂ ರಜಬ್ 6. ಚಂದ್ರಮಾನದಲ್ಲಿ ಸರಿಯಾಗಿ ಒಂದು ವರ್ಷ. ಕಥೆಯ ಬೆನ್ನುಮೂಳೆಯೇ ಇದು. ಮುಂದಿನ ಹಂತದಲ್ಲಿ ಇದರ ಉಪಯೋಗ ಗೊತ್ತಾಗುತ್ತದೆ.

ಗಾತ್ರದ ಲೆಕ್ಕ: 24 ಅಧ್ಯಾಯ, ಒಂದೊಂದು 2,500 ಪದ, ಒಟ್ಟು 60,000. ಮೊಹರಂ ಶುರುವಾಗುವ ಹೊತ್ತಿಗೆ 13ನೇ ಅಧ್ಯಾಯದಲ್ಲಿರಬೇಕು. ಫೆಬ್ರವರಿ 4 ಹತ್ತೊಂಬತ್ತಕ್ಕಿಂತ ಮುಂಚೆ ಬರಬಾರದು. ಬಂದರೆ ರಾಜಕೀಯ ಪ್ರೇಮವನ್ನು ನುಂಗುತ್ತದೆ.

ಹಂತ 2: ಕರಾರನ್ನು ಅರ್ಥ ಮಾಡಿಕೊಳ್ಳಿ

ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಅರಮನೆಯ ಹೆಂಗಸರನ್ನೆಲ್ಲ ಉಪಪತ್ನಿಯರು ಎಂದು ಒಂದೇ ಬುಟ್ಟಿಗೆ ಹಾಕಿದರೆ ಕಥೆಯ ಯಂತ್ರವೇ ಕಳೆದುಹೋಗುತ್ತದೆ. ಅವಧದ ದೊರೆಗಳು ಶಿಯಾಗಳು. ಶಿಯಾ ಧರ್ಮಶಾಸ್ತ್ರದಲ್ಲಿ ಶಾಶ್ವತ ನಿಕಾಹ್ ಜೊತೆಗೆ ಮುತಾ ಎಂಬ ಅವಧಿ ಮದುವೆ ಇದೆ. ಅದರ ನಿಯಮಗಳು ಕಾದಂಬರಿಕಾರನಿಗೆ ಬಂಗಾರ:

ಅವಧಿ ಮೊದಲೇ ನಿಗದಿಯಾಗಬೇಕು: ಒಂದು ದಿನ, ಒಂದು ವರ್ಷ, ಹತ್ತು ವರ್ಷ. ಹೆಣ್ಣಿಗೆ ಕೊಡುವ ಮೆಹರ್ ಇಷ್ಟು ಎಂದು ಹೇಳಲೇಬೇಕು, ಇಲ್ಲವಾದರೆ ಕರಾರೇ ಇಲ್ಲ. ನಿಕಾಹ್‌ಗಿರುವ ನಾಲ್ವರ ಮಿತಿ ಇದಕ್ಕಿಲ್ಲ. ತಲಾಖ್ ಬೇಕಿಲ್ಲ, ಅವಧಿ ಮುಗಿದರೆ ತಾನೇ ಕಳಚುತ್ತದೆ. ಗಂಡ ಉಳಿದ ದಿನಗಳನ್ನು ಅವಳಿಗೆ ದಾನ ಕೊಟ್ಟು ಮೊದಲೇ ಮುಗಿಸಬಹುದು, ಹೆಂಡತಿಗೆ ಆ ಅಧಿಕಾರವಿಲ್ಲ. ಷರತ್ತು ಹಾಕಿರದಿದ್ದರೆ ಒಬ್ಬರ ಆಸ್ತಿ ಇನ್ನೊಬ್ಬರಿಗೆ ಬರುವುದಿಲ್ಲ, ಆದರೆ ಹುಟ್ಟಿದ ಮಗುವಿಗೆ ತಂದೆಯ ಆಸ್ತಿಯಲ್ಲಿ ಪೂರ್ತಿ ಹಕ್ಕು. ಅವಧಿ ಮುಗಿದ ಮೇಲೆ ಮತ್ತೆ ಮದುವೆಯಾಗಲು ಹೆಣ್ಣು ಎರಡು ಋತುಚಕ್ರದಷ್ಟು ಕಾಯಬೇಕು, ಇದೇ ಇದ್ದತ್. ವಯಸ್ಸಿದ್ದೂ ಋತುವಾಗದವಳಿಗೆ 45 ದಿನ. ವಾಜಿದ್ ಅಲಿಯ ಮನೆಯಲ್ಲಿ ಮಗು ಹೆತ್ತ ಮುತಾ ಹೆಂಡತಿಗೆ ಮಹಲ್ ಎಂಬ ಬಿರುದು, ಬೇರೆ ವಾಸ, ಬೇರೆ ಭತ್ಯೆ ಸಿಗುತ್ತಿತ್ತು.

ಈಗ ರಜಬ್ 6ಕ್ಕೆ ಬನ್ನಿ. ನಿಮ್ಮ ನಾಯಕಿ 1855ರ ಆ ದಿನ ದೊರೆಯ ಜೊತೆ ಒಂದು ವರ್ಷದ ಮುತಾ ಕರಾರಿಗೆ ಒಪ್ಪಿದಳು ಎನ್ನಿ. ಅದು ಮುಗಿಯುವ ದಿನವೇ ದೊರೆ ಊರು ಬಿಡುವ ದಿನ. ಅವಳು ಅವನ ಸವಾರಿಯ ಜೊತೆ ಹೊರಡಬೇಕೋ ಬೇಡವೋ ಎಂಬುದಕ್ಕೆ ಆ ದಿನ ಕಾನೂನಿನ ಉತ್ತರವಿಲ್ಲ, ಅವಳ ಉತ್ತರ ಮಾತ್ರ ಇದೆ. ಪ್ರೀತಿಸಿದವನ ಕೈ ಹಿಡಿಯಬೇಕೆಂದರೂ ಇದ್ದತ್ ಇದೆ. 45 ದಿನವೆಂದು ಲೆಕ್ಕ ಹಾಕಿದರೂ ಏಪ್ರಿಲ್ ಕೊನೆಯವರೆಗೆ ಕಾಯಬೇಕು. ಕೃತಕವಾದ ಅಡ್ಡಿ ಒಂದನ್ನೂ ಹೊಸೆಯದೆ, ಆ ಕಾಲದ ನಿಯಮವೇ ಕಥೆಯ ಬಿಗಿ ಕೊಡುತ್ತದೆ.

ಇನ್ನೊಂದು ನಿಜವಾದ ಎಳೆ: 1850ರ ಸುಮಾರಿಗೆ ದೊರೆ ಹಲವು ಹೆಂಡಿರನ್ನು ಬಿಟ್ಟ. ಕತ್ತಿನ ಹಿಂದೆ ಹಾವು ಸುತ್ತಿದಂಥ ಕೂದಲ ಸುಳಿ ಇದ್ದವಳಿಂದ ಕೇಡು ಎಂಬ ಶಂಕೆಯನ್ನು ಅದಕ್ಕೆ ಕಾರಣವಾಗಿ ರೆಸಿಡೆಂಟ್ ಸ್ಲೀಮನ್ ಬರೆದಿಟ್ಟಿದ್ದಾನೆ. ಎತ್ತು, ಕುದುರೆಗೆ ಸುಳಿ ನೋಡುವ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೀಗೆ ಹೊರಬಿದ್ದವರಲ್ಲಿ ಮುಂದೆ 1857ರಲ್ಲಿ ಮಗ ಬಿರ್ಜಿಸ್ ಖದರ್‌ನನ್ನು ಪಟ್ಟಕ್ಕೆ ಕೂರಿಸಿ ಕಂಪನಿಯ ವಿರುದ್ಧ ನಿಂತ ಬೇಗಂ ಹಜರತ್ ಮಹಲ್ ಕೂಡ ಒಬ್ಬಳು. ಹೆಂಗಸರಿಗೆ ಹಾಡು, ಕುಣಿತ ಕಲಿಸಲು ದೊರೆ ನಡೆಸಿದ ಪರೀಖಾನೆಯಲ್ಲಿ ಅವಳ ಹೆಸರು ಮಹಕ್ ಪರಿ. ಅವಳನ್ನು ನಾಯಕಿ ಮಾಡಬೇಡಿ. ಅವಳ ಹೆಸರು ಜನಾನಾದ ಪಿಸುಮಾತಿನಲ್ಲಿ ಎರಡು ಸಲ ಬಂದರೆ ಸಾಕು.

ಹಂತ 3: ದೊರೆಯನ್ನು ಬದಿಗಿಡಿ, ಅಂಚಿನವರನ್ನು ಹಿಡಿಯಿರಿ

ವಾಜಿದ್ ಅಲಿ ತನ್ನ ಪ್ರೇಮಗಳ ಕಥೆಯನ್ನು ತಾನೇ ಇಶ್ಕ್‌ನಾಮಾ ಎಂದು ಬರೆದಿಟ್ಟ. ಅದರ ಸಚಿತ್ರ ಹಸ್ತಪ್ರತಿ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಅವನಿಗಿಂತ ಚೆನ್ನಾಗಿ ಅವನ ಪ್ರೇಮ ನೀವು ಬರೆಯಲಾರಿರಿ. ಅವನು ಐದಾರು ದೃಶ್ಯಗಳಲ್ಲಿ ಬರಲಿ: ಠುಮ್ರಿ ಕಟ್ಟುವ ಕವಿಯಾಗಿ, ರಹಸ್ ಎಂಬ ಹಾಡು ಕುಣಿತದ ಆಟ ಆಡಿಸುವ ನಾಟಕಕಾರನಾಗಿ, ಕೊನೆಗೆ ತಲೆಯ ಪೇಟ ಕೈಲಿ ಹಿಡಿದವನಾಗಿ.

ನಾಯಕನಿಗೆ ಒಳ್ಳೆಯ ಉದ್ಯೋಗ ಅಖಬಾರ್ ನವೀಸ್. ದೊರೆಯ ಸರ್ಕಾರವೂ ರೆಸಿಡೆಂಟನ ಕಚೇರಿಯಾದ ರೆಸಿಡೆನ್ಸಿಯೂ ಸುದ್ದಿ ಬರೆಯುವವರನ್ನು ಇಟ್ಟುಕೊಂಡಿದ್ದವು. ದೊರೆ ಎಷ್ಟು ಹೊತ್ತಿಗೆ ಎದ್ದ, ಯಾರ ಮಹಲಿಗೆ ಹೋದ ಎಂಬುದೆಲ್ಲ ಪರ್ಷಿಯನ್‌ನಲ್ಲಿ ಕಾಗದಕ್ಕಿಳಿಯುತ್ತಿತ್ತು. ನಾಯಕ ರೆಸಿಡೆನ್ಸಿಗೆ ಬರೆಯುವವನಾಗಲಿ. ಜನಾನಾದ ಬಾಗಿಲಾದ ಡ್ಯೋಢಿಯಲ್ಲಿ ಒಬ್ಬ ಖ್ವಾಜಾಸರಾನಿಂದ, ಅಂದರೆ ಅರಮನೆಯ ನಪುಂಸಕ ಅಧಿಕಾರಿಯಿಂದ, ಸುದ್ದಿ ಪಡೆಯುತ್ತಾನೆ. ಆ ಸುದ್ದಿಯಲ್ಲಿ ಒಬ್ಬ ಹೆಣ್ಣಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಅವನು ಅವಳನ್ನು ಮೊದಲು ಪ್ರೀತಿಸುವುದು ತನ್ನದೇ ವರದಿಯಲ್ಲಿ. ಅದೇ ವರದಿಯ ಸಾಲುಗಳು ಆಮೇಲೆ ದುರಾಡಳಿತದ ಪುರಾವೆಯಾಗಿ ಕಲ್ಕತ್ತೆಗೆ ಹೋಗುತ್ತವೆ. ಅವನು ಅವಳಿಗೆ ಮಾಡಿದ ದ್ರೋಹ ಅದು. ಕಾದಂಬರಿ ತೀರಿಸಬೇಕಾದ ಸಾಲವೂ ಅದೇ.

ನಾಯಕಿಯ ವಯಸ್ಸು ಇಪ್ಪತ್ತನಾಲ್ಕರ ಸುಮಾರು ಇಡಿ. ಪರೀಖಾನೆಗೆ ಎಳೆಯ ಹುಡುಗಿಯರನ್ನೂ ತರುತ್ತಿದ್ದರು. ಅದನ್ನು ನೆನಪಾಗಿ, ನೋವಾಗಿ ಹೇಳಿ, ಶೃಂಗಾರದ ಬಣ್ಣ ಬಳಿಯಬೇಡಿ. ಖ್ವಾಜಾಸರಾನನ್ನು ನಗೆಗೋ ಕುತಂತ್ರಕ್ಕೋ ಮಾತ್ರ ಇಟ್ಟುಕೊಳ್ಳುವುದು ಇನ್ನೊಂದು ಹಳೇ ಚಾಳಿ. ಅವರು ಜಮೀನು ಆಳಿದರು, ದಳಗಳನ್ನು ನಡೆಸಿದರು. ಅವರನ್ನು ಅಧಿಕಾರದಿಂದ ತೆಗೆಯಬೇಕೆಂದು ಸ್ಲೀಮನ್ ಹಟ ಹಿಡಿದದ್ದೂ ಅವರ ಕೈಯಲ್ಲಿ ನಿಜವಾದ ಅಧಿಕಾರ ಇದ್ದುದರಿಂದಲೇ.

ಹಂತ 4: ಪರದೆಯ ನಕ್ಷೆ ಬರೆಯಿರಿ

ಒಂದು ದೊಡ್ಡ ಹಾಳೆಯಲ್ಲಿ ಎರಡು ವೃತ್ತ ಎಳೆಯಿರಿ: ಒಳಗೆ ಜನಾನಾ, ಹೊರಗೆ ಗಂಡಸರ ಮರ್ದಾನಾ. ಗೆರೆ ದಾಟಬಲ್ಲವರ ಪಟ್ಟಿ ಮಾಡಿ. ಖ್ವಾಜಾಸರಾ, ಹೊಲಿಗೆಯ ಮುಘಲಾನಿ, ಬಳೆ ಮಾರುವವಳು, ಪಲ್ಲಕ್ಕಿ ಹೊರುವ ಹೆಂಗಸರು, ಆಯುಧ ಹಿಡಿದ ಹೆಣ್ಣು ಕಾವಲಿನವರು, ಪರದೆಯಾಚೆಯಿಂದ ನಾಡಿ ಹಿಡಿಯುವ ಹಕೀಮ. ನಿಮ್ಮ ನಾಯಕ ಈ ಪಟ್ಟಿಯಲ್ಲಿಲ್ಲ. ಹೀಗಾಗಿ ಗೋಡೆ ಹಾರಿ ಬಂದು ಮಾತಾಡಿಸುವ ದೃಶ್ಯ ಬರೆದಿರೋ, ಅಲ್ಲಿಗೆ ನಂಬಿಕೆ ಹೋಯಿತು.

ಬದಲಿಗೆ ಭೇಟಿಗಳನ್ನು ಇಂದ್ರಿಯ ಇಂದ್ರಿಯವಾಗಿ ಕೊಡಿ. ಮೊದಲು ಹೆಸರು, ಕಾಗದದಲ್ಲಿ. ಆಮೇಲೆ ದನಿ, ಚಿಲ್ಮನ್ ಎಂಬ ಸೀಳುಬಿದಿರಿನ ಪರದೆಯ ಹಿಂದಿನಿಂದ. ಆಮೇಲೆ ವಾಸನೆ: ಬೇಸಗೆಯಲ್ಲಿ ಲಾವಂಚದ ಅತ್ತರು, ಚಳಿಗೆ ಹಿನಾ. ಮುಖ ಕಾಣುವುದು ಹತ್ತನೇ ಅಧ್ಯಾಯದಲ್ಲಿ, ಶ್ರಾವಣದ ಜೋಗಿಯಾ ಮೇಳದಲ್ಲಿ. ವಾಜಿದ್ ಅಲಿ ಕೈಸರ್‌ಬಾಗ್‌ನಲ್ಲಿ ನಡೆಸುತ್ತಿದ್ದ ಈ ಮೇಳಕ್ಕೆ ಊರವರಿಗೂ ಪ್ರವೇಶವಿತ್ತು, ಬಂದವರೆಲ್ಲ ಕಾವಿ ಬಣ್ಣ ತೊಡಬೇಕಿತ್ತು, ದೊರೆಯೂ ಜೋಗಿಯಾಗುತ್ತಿದ್ದ. ಎಲ್ಲರೂ ಒಂದೇ ಬಣ್ಣದಲ್ಲಿರುವ ಗುಂಪಿನಲ್ಲಿ ಅವಳು ಯಾರು ಎಂದು ಅವನು ಹೇಗೆ ಗುರುತಿಸುತ್ತಾನೆ? ದನಿಯಿಂದ. ಇಷ್ಟು ಅಧ್ಯಾಯ ಕಾಯಿಸಿದ್ದಕ್ಕೆ ಓದುಗರಿಗೆ ಸಿಗುವ ಕೂಲಿ ಅದು.

ಮುಂದಿನ ತಿಂಗಳೇ ಮೊಹರಂ. ಬಳೆ ತೆಗೆಯುತ್ತಾರೆ, ಬಣ್ಣ ಬಿಡುತ್ತಾರೆ, ಮದುವೆ ಮಾತಿಲ್ಲ, ನಾಚ್ ಇಲ್ಲ. ಶೋಕಸಭೆಯಾದ ಮಜ್ಲಿಸ್, ಶೋಕಗೀತೆಯಾದ ಮರ್ಸಿಯಾ ಮಾತ್ರ. ಪ್ರೇಮಕಥೆಗೆ ಇದು ಅಡ್ಡಿ ಎಂದು ಹಾರಿಸಿಬಿಡುವವರೇ ಹೆಚ್ಚು. ನಮ್ಮ ಮಟ್ಟಿಗೆ ಇಡೀ ಪುಸ್ತಕದ ಅತ್ಯಂತ ಆಳವಾದ ಭಾಗ ಇದೇ ಆಗಬೇಕು. ವಿಲಾಸಿ ಎಂದು ಕರೆಸಿಕೊಂಡ ಆ ದರ್ಬಾರು ವರ್ಷಕ್ಕೆ ಎರಡು ತಿಂಗಳು ಎಂಟು ದಿನ ಬರಿಗಾಲಲ್ಲಿ ಅಳುತ್ತಿತ್ತು. ಪ್ರೇಮಿಗಳು ಏನನ್ನೂ ಹೇಳಿಕೊಳ್ಳಲಾಗದ ಈ ಅವಧಿಯಲ್ಲಿ ಒಬ್ಬರ ಶೋಕವನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಕನಿಷ್ಠ ಮೂರು ಅಧ್ಯಾಯ ಕೊಡಿ.

ಹಂತ 5: ವೈಭವಕ್ಕೆ ಲೆಕ್ಕ ಕೊಡಿ

ವಿಲಾಸದ ವರ್ಣನೆ ಒಂದು ಪುಟ ದಾಟಿದರೆ ಓದುಗ ಪುಟ ಹಾರಿಸುತ್ತಾನೆ. ಕಾರಣ, ವರ್ಣನೆಯಲ್ಲಿ ವಸ್ತುಗಳಿರುತ್ತವೆ, ಕೈಗಳಿರುವುದಿಲ್ಲ. ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಹಾಕಿ: ಮಾಡಿದವರು ಯಾರು, ಹಣ ಕೊಟ್ಟವರು ಯಾರು, ಬರೆದುಕೊಂಡವರು ಯಾರು? ಬೆಳ್ಳಿ ರೇಕು ಹೊದಿಸಿದ ಪಾನ್ ಗಿಲೌರಿ, ಅಂದರೆ ಮಡಿಸಿದ ವೀಳ್ಯ, ಖಾಸ್ದಾನ್ ಎಂಬ ಮುಚ್ಚಳದ ತಟ್ಟೆಯಲ್ಲಿ ಬರುತ್ತದೆ ಎನ್ನಿ. ರೇಕನ್ನು ಚರ್ಮದ ಹಾಳೆಗಳ ನಡುವೆ ಗಂಟೆಗಟ್ಟಲೆ ಬಡಿದವನಿದ್ದಾನೆ, ಅವನ ಬಾಕಿ ಇದೆ, ಆ ಬಾಕಿಯ ಸುದ್ದಿ ನಾಯಕನ ಕಿವಿಗೆ ಬೀಳುತ್ತದೆ. ಈಗ ಗಿಲೌರಿಗೆ ಕಥೆಯಲ್ಲಿ ಕೆಲಸ ಸಿಕ್ಕಿತು. ಒಂದು ದೃಶ್ಯಕ್ಕೆ ಇಂಥ ವಸ್ತು ಎರಡು, ಹೆಚ್ಚೆಂದರೆ ಮೂರು.

ದೊಡ್ಡ ಲೆಕ್ಕವೂ ಹಿನ್ನೆಲೆಯಲ್ಲಿರಲಿ. 1801ರ ಒಪ್ಪಂದದಲ್ಲಿ ಕಂಪನಿ ಅವಧದ ಹೆಚ್ಚುಕಡಿಮೆ ಅರ್ಧ ನೆಲ ತೆಗೆದುಕೊಂಡಿತ್ತು. ನೇಪಾಳ ಯುದ್ಧದ ಹೊತ್ತಿಗೆ ಅವಧದ ಆಗಿನ ನವಾಬ ಗಾಜಿಉದ್ದೀನ್ ಹೈದರನಿಂದ ಎರಡು ಕೋಟಿ ರೂಪಾಯಿ ಸಾಲ ಎತ್ತಿತ್ತು. ವಾಜಿದ್ ಅಲಿ ಪಟ್ಟಕ್ಕೆ ಬಂದ ಹೊಸದರಲ್ಲಿ ಬಾಂಕಾ, ತಿರ್ಛಾ, ಘನ್‌ಘೋರ್ ಎಂದು ದಳಗಳಿಗೆ ಹೆಸರಿಟ್ಟು ತಾನೇ ಕವಾಯತು ಮಾಡಿಸಿದ. ಕಂಪನಿಗೆ ಅದು ಹಿಡಿಸಲಿಲ್ಲ. ಸೈನ್ಯ ಕಟ್ಟಲು ಬಿಡದೆ, ಆಮೇಲೆ ಕವಿತೆ ಕಟ್ಟಿದನೆಂದು ದೂರಿದರು. ಇದನ್ನು ಪಾತ್ರವೊಂದರ ಬಾಯಲ್ಲಿ ಭಾಷಣವಾಗಿ ಹಾಕಬೇಡಿ. ವಯಸ್ಸಾದ ಒಬ್ಬ ಸಿಪಾಯಿ ಆ ಹಳೆಯ ಕವಾಯತಿನ ಪರ್ಷಿಯನ್ ಹುಕುಂಗಳನ್ನು ಮೊಮ್ಮಗನಿಗೆ ಆಟವಾಗಿ ಹೇಳಿಕೊಡುವುದು ಸಾಕು.

ತಪ್ಪಿ ನುಸುಳುವ ವಸ್ತುಗಳ ಬಗ್ಗೆ ಎಚ್ಚರ. ಹುಸೈನಾಬಾದಿನ ಗಡಿಯಾರ ಗೋಪುರ 1880ರ ದಶಕದ್ದು, ಚಾರ್‌ಬಾಗ್ ರೈಲು ನಿಲ್ದಾಣ 20ನೇ ಶತಮಾನದ್ದು, ಆಗ ಲಖನೌಗೆ ರೈಲೇ ಇರಲಿಲ್ಲ. ಮೆಹಫಿಲ್‌ನಲ್ಲಿ ಹಾರ್ಮೋನಿಯಂ ಬೇಡ; ಸಾರಂಗಿ, ತಬಲಾ, ಮಂಜೀರಾ, ಅವೂ ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವವಳ ಹಿಂದೆ ನಿಂತು ನುಡಿಸುವಂಥವು. ಹೆಣ್ಣುಮಕ್ಕಳಿಗೆ ನೆಲ ಗುಡಿಸುವ ಫರ್ಶಿ ಪಾಯಜಾಮ, ದುಪಟ್ಟ. ಸಿನಿಮಾದಲ್ಲಿ ಕಂಡ ಸುತ್ತುವ ಗೌನು ಅಲ್ಲ. ಬಿರಿಯಾನಿಗಿಂತ ಪುಲಾವ್‌ಗೆ ಅಲ್ಲಿ ಮಾನ ಹೆಚ್ಚು. ಬಾರಾ ಇಮಾಂಬಾಡಾ, ರೂಮಿ ದರ್ವಾಜಾ, ಛತ್ತರ್ ಮಂಜಿಲ್ ಧೈರ್ಯವಾಗಿ ಬಳಸಿ. ಕೈಸರ್‌ಬಾಗ್ 1850ರ ಹೊತ್ತಿಗೆ ಮುಗಿದಿತ್ತು, ನಿಮ್ಮ ಕಥೆಯಲ್ಲಿ ಅದರ ಸುಣ್ಣ ಇನ್ನೂ ಹೊಸದು.

ಹಂತ 6: ಕನ್ನಡದಲ್ಲಿ ಲಖನೌ ಮಾತಾಡಿಸುವುದು

ಇಲ್ಲಿ ನಮ್ಮ ಭಾಷೆ ಕೊಟ್ಟ ಅನುಕೂಲ ದೊಡ್ಡದು. ಬಿಜಾಪುರ, ಹೈದರ್, ಟಿಪ್ಪುವಿನ ಕಾಲಗಳಿಂದ ಕಚೇರಿಯ ಪರ್ಷಿಯನ್ ನಮ್ಮ ನಾಲಗೆಯ ಮೇಲೇ ಇದೆ: ದರ್ಬಾರು, ಖಜಾನೆ, ಫರ್ಮಾನು, ಅರ್ಜಿ, ಕರಾರು, ಬಾಕಿ, ಸವಾರಿ, ರುಮಾಲು, ಗುಲಾಬಿ, ಅತ್ತರು. ಇವಿಷ್ಟರಿಂದಲೇ ಅರ್ಧ ಲಖನೌ ಕಟ್ಟಬಹುದು, ಅಡಿಟಿಪ್ಪಣಿ ಬೇಕಾಗದು. ನಿಜಕ್ಕೂ ಹೊಸದಾದ ಪದ ಅಧ್ಯಾಯಕ್ಕೆ ಎರಡರಂತೆ ಬರಲಿ, ಅರ್ಥ ಅದೇ ವಾಕ್ಯದ ಕೆಲಸದಿಂದ ತಿಳಿಯಲಿ.

‘ಪ್ರಾಣೇಶ್ವರಿ’, ‘ಮಹಾಪ್ರಭು’, ‘ಆಜ್ಞೆ’ ಎಂದಿರೋ, ದೃಶ್ಯ ಲಖನೌದಿಂದ ಎದ್ದು ಕಂಪನಿ ನಾಟಕದ ರಂಗಕ್ಕೆ ಬಂದು ಕೂರುತ್ತದೆ. ಹುಜೂರ್, ಖಾವಂದ್ ಸಾಕು. ಉರ್ದು ಶಾಯರಿಯನ್ನು ದೇವನಾಗರಿ ಪುಸ್ತಕದಿಂದ ಎತ್ತಿ ಕನ್ನಡ ಲಿಪಿಗೆ ಇಳಿಸುವುದೂ ಬೇಡ; ದ್ವಿಪದಿಯ ಭಾವವನ್ನು ಎರಡು ಸಾಲಿನ ಸರಳ ಕನ್ನಡದಲ್ಲಿ ನೀವೇ ಕಟ್ಟಿ.

ಇನ್ನು ಸರ್ವನಾಮ. ಲಖನೌದ ತಹಜೀಬಿನಲ್ಲಿ, ಅಂದರೆ ಶಿಷ್ಟಾಚಾರದಲ್ಲಿ, ಗಂಡ ಹೆಂಡತಿಯೂ ಒಬ್ಬರನ್ನೊಬ್ಬರು ಗೌರವದ ‘ಆಪ್’ ಎನ್ನುತ್ತಾರೆ. ನಮ್ಮಲ್ಲಿ ಮೂರು ಮೆಟ್ಟಿಲಿವೆ: ತಾವು, ನೀವು, ನೀನು. ದೊರೆಗೆ ಯಾವಾಗಲೂ ತಾವು. ಪ್ರೇಮಿಗಳು ಪುಸ್ತಕದುದ್ದಕ್ಕೂ ನೀವು. ಇಪ್ಪತ್ತೆರಡನೇ ಅಧ್ಯಾಯದಲ್ಲಿ ಒಮ್ಮೆ, ಒಂದೇ ಒಮ್ಮೆ, ಅವಳ ಬಾಯಿಂದ ‘ನೀನು’ ಜಾರಲಿ. ಮುತ್ತಿಗಿಂತ ಗಟ್ಟಿಯಾಗಿ ತಟ್ಟುತ್ತದೆ. ಅದಕ್ಕಿಂತ ಮೊದಲು ಕೈತಪ್ಪಿ ಎಲ್ಲಿಯೂ ‘ನೀನು’ ಬಿದ್ದಿರಬಾರದು. ಕೊನೆಯ ತಿದ್ದುಪಡಿಯಲ್ಲಿ ಆ ಪದವನ್ನೇ ಹುಡುಕಿ ಹುಡುಕಿ ನೋಡಿ.

ಶೃಂಗಾರದ ದೃಶ್ಯಗಳಲ್ಲಿ ತೋಳ್ತೆಕ್ಕೆ, ಚೆಂದುಟಿ, ಮದನನ ಬಾಣ ಎಲ್ಲ ಸವೆದ ನಾಣ್ಯ. ಕರಾರು ಮುಗಿಯುವವರೆಗೆ ಇವರಿಬ್ಬರು ಮುಟ್ಟುವುದೂ ಇಲ್ಲ. ಮುಟ್ಟಿದರೆ ಇಬ್ಬರ ತಲೆಯೂ ಹೋದೀತು. ಹೀಗಾಗಿ ಸ್ಪರ್ಶ ವಸ್ತುಗಳ ಮೂಲಕ ನಡೆಯಲಿ: ಅವಳ ಕಿವಿಯ ಮಡಿಕೆಯಲ್ಲಿದ್ದ ಅತ್ತರಿನ ಹತ್ತಿ ಮುಘಲಾನಿಯ ಕೈದಾಟಿ ಅವನ ಕಲಮಿನ ಡಬ್ಬಿಗೆ ಬರಲಿ. ಅಂದಿನಿಂದ ಅವನು ಬರೆಯುವ ಪ್ರತಿ ವರದಿಗೂ ಅವಳ ವಾಸನೆ.

ಹಂತ 7: ಫೆಬ್ರವರಿ 4 ಮತ್ತು ಅದರಾಚೆ

ಈ ದೃಶ್ಯದಲ್ಲಿ ಕಲ್ಪನೆ ಬೆರೆಸಬೇಡಿ, ದಾಖಲಾದದ್ದೇ ಸಾಕು. ಔಟ್ರಾಮ್ ಬರುವ ಮೊದಲೇ ದೊರೆ ತೋಪುಗಳನ್ನು ಗಾಲಿಯಿಂದ ಇಳಿಸಿಸಿದ್ದ, ಕಾವಲಿನವರು ಆಯುಧವಿಲ್ಲದೆ ಬರಿಗೈಯಲ್ಲಿ ಸಲಾಂ ಮಾಡಿದರು. ಒಪ್ಪಂದದ ಕಾಗದ ಓದಿ ವಾಜಿದ್ ಅಲಿ ಪೇಟ ತೆಗೆದು ಔಟ್ರಾಮ್ ಕೈಗಿಟ್ಟ. ಸಹಿ ಹಾಕಲಿಲ್ಲ. ವರ್ಷಕ್ಕೆ 12 ಲಕ್ಷದ ಪಿಂಚಣಿಯ ಮಾತಿತ್ತು, ಮೂರು ದಿನದ ಗಡುವಿತ್ತು. ಆಗಲೂ ಹಾಕಲಿಲ್ಲ. ನಾಯಕನನ್ನು ಈ ಕೋಣೆಯೊಳಗೆ ತುರುಕಬೇಡಿ. ಅವನು ರೆಸಿಡೆನ್ಸಿಯಲ್ಲಿ ಕೂತು ತನ್ನದೇ ಹಳೆಯ ವರದಿಗಳ ನಕಲು ತೆಗೆಯುತ್ತಿರಲಿ, ಸುದ್ದಿ ಅಲ್ಲಿಗೇ ಬರಲಿ. ತನ್ನ ಸಾಲು ಯಾವ ಕೆಲಸಕ್ಕೆ ಬಂತು ಎಂದು ಅವನಿಗೆ ಅಲ್ಲೇ ತಿಳಿಯಬೇಕು.

ಉಳಿದ ಐದು ವಾರಗಳಿಗೆ ನಾಲ್ಕು ಅಧ್ಯಾಯ. ದೊರೆಯ ತಾಯಿ ಮಲಿಕಾ ಕಿಶ್ವರ್ ಲಂಡನ್ನಿನವರೆಗೆ ಹೋಗಿ ನ್ಯಾಯ ಕೇಳಲು ಹೊರಟವಳು. ವಾಪಸಾಗದೆ 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಅವಳ ಜೊತೆ ಹೋಗುವ ಅವಕಾಶ ನಾಯಕಿಗೆ ಮೂರನೇ ದಾರಿಯಾಗಿ ತೆರೆಯಬಹುದು: ದೊರೆಯೂ ಅಲ್ಲ, ಪ್ರೇಮಿಯೂ ಅಲ್ಲ.

ಕಥೆಯನ್ನು ಕಲ್ಕತ್ತೆಗೆ ಒಯ್ಯುವುದಾದರೆ ನಮಗೆ ಹತ್ತಿರದ ಒಂದು ಎಳೆ ಸಿಗುತ್ತದೆ. ವಾಜಿದ್ ಅಲಿ 1887ರಲ್ಲಿ ಸಾಯುವವರೆಗೆ ಬಹುಪಾಲು ಇದ್ದದ್ದು ಹೂಗ್ಲಿ ದಂಡೆಯ ಮಟಿಯಾಬುರ್ಜ್‌ನಲ್ಲಿ. ಅದೇ ಊರಿನ ಟಾಲಿಗಂಜ್‌ನಲ್ಲಿ, ವೆಲ್ಲೂರಿನ ದಂಗೆಯ ನಂತರ ಶ್ರೀರಂಗಪಟ್ಟಣದ ನೆನಪು ಹೊತ್ತು ಬಂದ ಟಿಪ್ಪುವಿನ ಮಕ್ಕಳ ಸಂಸಾರವಿತ್ತು. ಟಿಪ್ಪುವಿನ ಮಗ ಗುಲಾಂ ಮಹಮ್ಮದ್ 1872ರವರೆಗೆ ಬದುಕಿದ್ದ. ಎರಡು ಗಡಿಪಾರಾದ ದರ್ಬಾರುಗಳು, ಒಂದೇ ನಗರ. ಮುಂದುವರಿದ ಭಾಗಕ್ಕೆ ಇದನ್ನು ಎತ್ತಿಡಿ, ಮೊದಲ ಪುಸ್ತಕದಲ್ಲಿ ಮುಟ್ಟಬೇಡಿ.

ಕೊನೆಯ ಅಧ್ಯಾಯ ರಜಬ್ 6ರಂದೇ ನಿಲ್ಲಲಿ. ಕಾನ್ಪುರದ ದಾರಿ ಹಿಡಿದ ಸವಾರಿ, ಎರಡೂ ಬದಿ ಅಳುವ ಜನ, ಡ್ಯೋಢಿಯಲ್ಲಿ ಇಳಿಸಿಟ್ಟ ಒಂದು ಪಲ್ಲಕ್ಕಿ. ಒಳಗಿರುವವಳ ಕೈಲಿ ಅವಧಿ ಮುಗಿದ ಕರಾರು. ಹೊರುವ ಹೆಂಗಸರು ಕೇಳುತ್ತಾರೆ: ಎತ್ತ ಕಡೆಗೆ, ಬೀಬಿ?